ಕಾಟ್ಲಾ ಮೀನೂ ಕರೆಂಟು ಚಾಕುವೂ

ಕೆಲವರಿಗೆ ಬಾಯಿ ಸುಮ್ಮನಿರುವುದಿಲ್ಲ, ಕೆಲವರಿಗೆ ಕಾಲು. ನನಗೆ ಕೈ. ಬಿಚ್ಚಿಟ್ಟ ಯಂತ್ರವೊಂದು ಎದುರಿಗಿದ್ದು ಅದು ಏಕೆ ಕೆಟ್ಟಿತೆಂದು ಗೊತ್ತಾಗದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ, ಮಾತಾಡಿದವರ ಮಾತು ಕಿವಿಗೆ ಬೀಳುವುದಿಲ್ಲ, ಕೂತ ಜಾಗ ಮುಳ್ಳಾಗುತ್ತದೆ. ನನ್ನ ತಂಗಿಯ ಮದುವೆಯ ದಿನ ಮುಹೂರ್ತದ ಹೊತ್ತಿಗೆ ಸರಿಯಾಗಿ ಛತ್ರದ ಗೋಡೆ ಗಡಿಯಾರ ನಿಂತುಹೋಯಿತು. ಇನ್ನೂರು ಜನರ ಕೈಯಲ್ಲಿ ಗಡಿಯಾರವಿತ್ತು, ಯಾರಿಗೂ ತೊಂದರೆಯಾಗಿರಲಿಲ್ಲ. ಆದರೂ ನಾನು ಸ್ಟೂಲು ಹತ್ತಿ ನಿಂತುಬಿಟ್ಟೆ. ಮದುವೆಯ ಆಲ್ಬಮ್ಮಿನಲ್ಲಿ ಎಲ್ಲರೂ ಅಕ್ಷತೆ ಹಾಕುತ್ತಿರುವ ಫೋಟೋ ಒಂದಿದೆ. ಅದರ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತ ಬೆನ್ನೊಂದು ಕಾಣುತ್ತದೆ. ಅದು ವಧುವಿನ ಅಣ್ಣ. ತಂಗಿಯ ಗಂಡನ ಮನೆಯವರು ಬಹಳ ಕಾಲ ನನ್ನನ್ನು ಛತ್ರದ ನೌಕರನೆಂದೇ ತಿಳಿದಿದ್ದರು.

ಈ ರೋಗಕ್ಕೆ ಮದ್ದಿಲ್ಲವಾದ್ದರಿಂದ ಅದನ್ನೇ ಕಸುಬು ಮಾಡಿಕೊಂಡೆ. ಬಾಳ್ಳುಪೇಟೆಯಲ್ಲಿ ಹೆದ್ದಾರಿಯ ಪಕ್ಕಕ್ಕೇ ನನ್ನ ರಿಪೇರಿ ಅಂಗಡಿ. ಒಂದು ಕಡೆ ಎಸ್‌ಟಿಡಿ ಬೂತು, ಇನ್ನೊಂದು ಕಡೆ ಗೊಬ್ಬರದ ಅಂಗಡಿ, ನಡುವೆ ಫ್ಯಾನು, ಮಿಕ್ಸಿ, ರೇಡಿಯೋ, ನೀರೆತ್ತುವ ಮೋಟಾರುಗಳ ಹೆಣಗಳ ರಾಶಿಯಲ್ಲಿ ನಾನು. ಮಂಗಳೂರಿನ ಕಡೆಗೆ ಲೋಡು ಲಾರಿಯೊಂದು ಹಾದುಹೋದರೆ ಮೇಜಿನ ಮೇಲಿನ ಸ್ಕ್ರೂಗಳೆಲ್ಲ ಎರಡಂಗುಲ ಪಡುವಣಕ್ಕೆ ಸರಿಯುತ್ತಿದ್ದವು. ಬೆಂಗಳೂರಿನ ಕಡೆಗೆ ಇನ್ನೊಂದು ಲಾರಿ ಬಂದು ಅವನ್ನು ವಾಪಸು ತಂದುಕೊಡುವ ತನಕ ನಾನು ಕಾಯುತ್ತಿದ್ದೆ ಎಂದು ಬೂತಿನವನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅದು ಪೂರ್ತಿ ಸುಳ್ಳೇನಲ್ಲ.

ಇನ್ನೊಂದು ಸಂಗತಿಯನ್ನು ಈಗಲೇ ಹೇಳಿಬಿಡಬೇಕು. ನಮ್ಮದು ಲಿಂಗ ಕಟ್ಟಿದ ಮನೆ. ಮೀನು ಮಾಂಸ ಹಾಗಿರಲಿ, ಮೊಟ್ಟೆಯ ಹೆಸರನ್ನು ನಮ್ಮವ್ವ 'ಅದು' ಎನ್ನುತ್ತಿದ್ದಳು. ನಮ್ಮ ಬೀದಿಯಲ್ಲಿ 'ಅದು' ತಂದವರು ಚೀಲವನ್ನು ಬೆನ್ನ ಹಿಂದೆ ಹಿಡಿದು ನಮ್ಮ ಬಾಗಿಲು ದಾಟುತ್ತಿದ್ದರು. ಮೂವತ್ತೆಂಟು ವರ್ಷ ನಾನು ಸತ್ತ ಮೀನನ್ನು ದೂರದಿಂದ ನೋಡಿದ್ದೆ, ಬದುಕಿದ ಮೀನನ್ನು ಹೊಳೆಯಲ್ಲಿ ನೋಡಿದ್ದೆ; ಅವೆರಡೂ ಒಂದೇ ಜಾತಿಯವೆಂದು ಕೇಳಿ ಬಲ್ಲೆ, ಅಷ್ಟೆ.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಕಾಳೇಗೌಡರು ಜೀಪು ನಿಲ್ಲಿಸಿ, ಕಂಕುಳಲ್ಲಿ ಉದ್ದನೆಯ ರಟ್ಟಿನ ಡಬ್ಬಿ ಇಟ್ಟುಕೊಂಡು ಅಂಗಡಿಗೆ ಬಂದರು. ಆಲೂರು ಕಡೆಯ ಗುಡ್ಡದಲ್ಲಿ ಅವರದು ಸಣ್ಣ ಕಾಫಿ ಎಸ್ಟೇಟು. ತೋಟದ ನಡುವೆ ಒಂದು ಕೆರೆ. ಕೆರೆಗೆ ಮರಿ ಬಿಟ್ಟು ಕಾಟ್ಲಾ ಮೀನು ಸಾಕಿದ್ದರು. ಕಾಫಿಗೆ ಬೋರರ್ ಹುಳ ಹೊಡೆದರೆ ಅವರು ಅಷ್ಟಾಗಿ ಕೊರಗುತ್ತಿರಲಿಲ್ಲ. ಕೆರೆಯ ಮೇಲೆ ಮಿಂಚುಳ್ಳಿ ಹಾರಿದರೆ ಮಾತ್ರ ಕಲ್ಲು ಹುಡುಕುತ್ತಿದ್ದರು.

"ಶಿವಪ್ಪ, ಇದೊಂಚೂರು ನೋಡು ಮಾರಾಯ," ಎಂದರು. "ಹಡಗಲ್ಲಿ ಕೆಲ್ಸ ಮಾಡ್ತಾನಲ್ಲ ನಮ್ಮ ಭಾವಮೈದ, ಅವ್ನು ತಂದ್ಕೊಟ್ಟಿದ್ದು. ಪ್ಲಗ್ಗಿಗೆ ಹಾಕಿದ್ದೇ ತಡ, ಒಂದ್ಸಲ ಗುರ್ ಅಂತು, ಹೊಗೆ ಬುಡ್ತು, ಸತ್ತೇ ಹೋಗ್ಬುಡ್ತು."

ತೆರೆದು ನೋಡಿದೆ. ಇಸ್ತ್ರಿ ಪೆಟ್ಟಿಗೆಯ ಹಿಡಿಯಂಥ ಹಿಡಿ, ಅದರ ಮುಂದಕ್ಕೆ ಮೊಳದುದ್ದದ ಗರಗಸದ ಹಲ್ಲಿನ ಎರಡು ಅಲಗು, ಒಂದಕ್ಕೊಂದು ಮೈ ತಾಗಿಸಿಕೊಂಡು. ಗುಂಡಿ ಒತ್ತಿದರೆ ಒಂದು ಮುಂದೆ ಹೋಗುವಾಗ ಇನ್ನೊಂದು ಹಿಂದೆ ಬರಬೇಕು. ಅಂಥದ್ದನ್ನು ನಾನು ಎಂದೂ ಕಂಡಿರಲಿಲ್ಲ. ಕೈ ಆಗಲೇ ಸ್ಕ್ರೂಡ್ರೈವರ್ ಹುಡುಕುತ್ತಿತ್ತು.

"ಏನು ಕುಯ್ಯೋದು ಗೌಡ್ರೇ ಇದ್ರಲ್ಲಿ?"

"ಮೀನು ಕಣೋ. ಕರೆಂಟು ಚಾಕು."

ಕೈ ಹಿಂದಕ್ಕೆ ಬಂತು. ಗೌಡರು ನನ್ನ ಮುಖ ನೋಡಿ, "ಏ, ಹೊಸಾದು ಕಣಪ್ಪ, ಇನ್ನೂ ಮೀನು ಮುಟ್ಟಿಲ್ಲ," ಎಂದರು. ನನ್ನ ಮನಸ್ಸು ಇಂಥ ಮಾತಿಗೇ ಕಾಯುತ್ತಿತ್ತೆಂದು ಕಾಣುತ್ತದೆ. ಅವರ ಜೀಪು ತಿರುಗುವ ಮೊದಲೇ ಹಿಡಿಯನ್ನು ಎರಡು ಹೋಳು ಮಾಡಿದ್ದೆ.

ರೋಗ ಸರಳವಾಗಿತ್ತು. ನೂರಹತ್ತು ವೋಲ್ಟಿನ ದೇಶದ ಯಂತ್ರ ಅದು. ನಮ್ಮೂರಿನ ಇನ್ನೂರಮೂವತ್ತನ್ನು ಕುಡಿದು ಹೊಟ್ಟೆ ಒಡೆದುಕೊಂಡಿತ್ತು. ಬೇರೆ ಯಾರಾದರೂ ಆಗಿದ್ದರೆ ಹೊಸ ಮೋಟಾರು ಹುಡುಕುತ್ತಿದ್ದರು, ಇಲ್ಲವೇ ಆಗುವುದಿಲ್ಲವೆಂದು ಕೈಮುಗಿಯುತ್ತಿದ್ದರು. ನಾನು ಕೂದಲೆಳೆಯಷ್ಟು ತೆಳುವಾದ ತಂತಿಯನ್ನು ಐದು ದಿನ ಕೂತು ಸುತ್ತಿದೆ. ಆ ಐದು ದಿನ ಅಂಗಡಿಗೆ ಬಂದವರಿಗೆಲ್ಲ "ನಾಳೆ" ಎಂದೆ. ಒಬ್ಬರ ಮಿಕ್ಸಿಯ ಜಾರನ್ನು ಇನ್ನೊಬ್ಬರಿಗೆ ಕೊಟ್ಟೆ. ಆರನೆಯ ದಿನ ಅದು 'ಝುಂಯ್' ಎಂದಾಗ ಎದುರಿನ ರಸ್ತೆಯಲ್ಲಿ ಹೋಗುತ್ತಿದ್ದವರನ್ನೆಲ್ಲ ಕೂಗಿ ಕರೆಯಬೇಕೆನ್ನಿಸಿತು.

ಪರೀಕ್ಷೆಗೆಂದು ಮನೆಗೆ ತಂದೆ. ಹೆಂಡತಿ ಗಿರಿಜೆಯ ಸೌತೆಕಾಯಿ, ಬಾಳೆದಿಂಡು, ಕಡೆಗೆ ಬೆಳಗಿನ ಇಡ್ಲಿ, ಎಲ್ಲವೂ ಬೆಣ್ಣೆಯ ಹಾಗೆ ಕುಯ್ಯಿಸಿಕೊಂಡವು. ಅವ್ವ ನಡುಮನೆಯಿಂದ ಎದ್ದು ಬಂದು ನಿಂತು ನೋಡಿದಳು.

"ಏನು ಕುಯ್ಯಾಕೆ ಮಾಡಿರೋದು ಮಗ ಇದು?"

"ಬ್ರೆಡ್ಡು," ಎಂದೆ.

"ಬ್ರೆಡ್ಡು ಕುಯ್ಯಾಕೆ ಇಷ್ಟೊಂದು ಸಿಟ್ಟು ಯಾಕಂತೆ ಇದಕ್ಕೆ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಹೋದಳು.

ಗೌಡರು ಬಂದು ಹೊಗಳಿ ತೆಗೆದುಕೊಂಡು ಹೋದರು. ಹತ್ತು ದಿನವೂ ಆಗಿರಲಿಲ್ಲ, ಅದೇ ಡಬ್ಬಿ ಮತ್ತೆ ಮೇಜಿನ ಮೇಲೆ ಬಂದು ಕೂತಿತು.

"ಏನಪ್ಪ ನಿನ್ ರಿಪೇರಿ! ಎರಡು ಮೀನು ಕುಯ್ದೆ. ಎರಡೂ ಚಟ್ನಿ ಆಗ್ಬುಟ್ವು. ಬಟ್ಟಲಲ್ಲಿ ತುಂಬ್ಕಂಡು ಬರ್ಬೇಕಿತ್ತು ನಿಂಗೆ ತೋರ್ಸಾಕೆ."

"ಮಿಷಿನ್ನು ಸರಿಯಾಗಿದೆ ಗೌಡ್ರೇ. ಸೌತೆಕಾಯಿ ಎಷ್ಟು ಚೆನ್ನಾಗಿ ಕುಯ್ತು ಗೊತ್ತಾ? ಕುಯ್ಯೋ ಕೈ ಸರಿಯಿರಬೇಕು."

ಗೌಡರ ಮುಖ ಕೆಂಪಾಯಿತು. ಸಿಟ್ಟಾಗುತ್ತಾರೆಂದುಕೊಂಡೆ. ಆದರೆ ಅವರು ಬೆಂಚಿನ ಮೇಲೆ ಕೂತರು. ತಮ್ಮ ತಾಯಿಯ ವಿಷಯ ಹೇಳಿದರು. ಹೊನ್ನಮ್ಮಜ್ಜಿಗೆ ಎಂಬತ್ತರ ಹತ್ತಿರ ವಯಸ್ಸು. ಹುಟ್ಟಿದಂದಿನಿಂದ ಮೀನು ತಿಂದ ಜೀವ. ಎರಡು ತಿಂಗಳ ಹಿಂದೆ ಊಟ ಮಾಡುವಾಗ ಗಂಟಲಿಗೆ ಮುಳ್ಳು ಸಿಕ್ಕಿಕೊಂಡಿತು. ಅನ್ನದ ಉಂಡೆ ನುಂಗಿಸಿದರು, ಬಾಳೆಹಣ್ಣು ನುಂಗಿಸಿದರು, ಹೋಗಲಿಲ್ಲ. ಉಸಿರು ಕಟ್ಟಿ ಕಣ್ಣು ಮೇಲಾದಾಗ ಜೀಪಿನಲ್ಲಿ ಹಾಸನಕ್ಕೆ ಒಯ್ದು ಆಸ್ಪತ್ರೆಯಲ್ಲಿ ತೆಗೆಸಿದರು. ಅವತ್ತಿನಿಂದ ಅಜ್ಜಿಗೆ ಮೀನೆಂದರೆ ನಡುಕ. ಬೇರೆ ಯಾವುದೂ ರುಚಿಸದು. ಮೀನು ಮಾಡದೆ ಇದ್ದರೆ ಮುದ್ದೆ ಮುಟ್ಟಳು. ಮಾಡಿದರೆ ತಟ್ಟೆಯ ಮುಂದೆ ಕೂತು ನೋಡಿ ಎದ್ದುಬಿಡುವಳು.

"ರವಿಕೆ ಎಲ್ಲ ಸಡ್ಲ ಆಗ್ಬುಟ್ಟೈತೆ ಕಣೋ," ಎಂದರು ಗೌಡರು. "ಮುಳ್ಳು ಪೂರಾ ತೆಗ್ದು ಕೊಟ್ರೆ ತಿಂತಾಳೇನೋ ಅಂತ ಇದನ್ನ ತರ್ಸಿದ್ದು. ನೀನು ನೋಡಿದ್ರೆ ಸೌತೆಕಾಯಿ ಕತೆ ಹೇಳ್ತಿ."

ಭಾನುವಾರ ನಾನೇ ತೋಟಕ್ಕೆ ಬಂದು ನೋಡುವುದೆಂದಾಯಿತು. ನೋಡುವುದು ಮಾತ್ರ, ಮುಟ್ಟುವುದು ಗೌಡರ ಕೆಲಸ. ಡಬ್ಬಿ ಜೀಪಿನಲ್ಲೇ ವಾಪಸು ಹೋಯಿತು. ಈ ಒಪ್ಪಂದ ಮಾಡಿಕೊಂಡ ಗುರುವಾರದಿಂದ ಭಾನುವಾರದವರೆಗೆ ನಾನು ಅನುಭವಿಸಿದ ತಳಮಳವನ್ನು ಹಗೆಗೂ ಬಯಸೆನು. ತಂತಿ ಎಷ್ಟು ಸುತ್ತು ಸುತ್ತಿದೆ? ಕಡಿಮೆಯಾಗಿ ವೇಗ ಹೆಚ್ಚಾಯಿತೇ? ಮಾತಾಡುತ್ತ ಮಾತಾಡುತ್ತ ಬೆರಳುಗಳು ಗಾಳಿಯಲ್ಲೇ ಸುತ್ತು ಹಾಕುತ್ತಿದ್ದವು. ಗಿರಿಜೆ ಹಪ್ಪಳ ಕೊಟ್ಟರೆ ಅದನ್ನು ಕಿವಿಯ ಹತ್ತಿರ ಹಿಡಿದು ಮುರಿದು ಶಬ್ದ ಕೇಳುತ್ತಿದ್ದೆನಂತೆ. ಗೌಡರ ತಾಯಿಯ ಸಡಿಲವಾದ ರವಿಕೆ ಬೇರೆ ಕಣ್ಣಮುಂದೆ ಬರುತ್ತಿತ್ತು. ಅವರನ್ನು ನಾನು ನೋಡಿಯೇ ಇರಲಿಲ್ಲ. ಆದರೂ ಒಂದು ಮುದುಕಿ ನನ್ನ ಲೆಕ್ಕ ತಪ್ಪಿದ ಸುತ್ತುಗಳಿಂದಾಗಿ ಹಸಿದು ಕೂತಿದ್ದಾಳೆ ಎಂಬ ಭಾವನೆ ಬಿಡಲೊಲ್ಲದು.

ಭಾನುವಾರ ಮೊಪೆಡ್ಡಿನಲ್ಲಿ ಹೋದೆ. ಕೊನೆಯ ಏರಿನಲ್ಲಿ ಮೊಪೆಡ್ಡು ನನ್ನನ್ನು ಹೊರುವ ಬದಲು ನಾನೇ ಅದನ್ನು ತಳ್ಳಿಕೊಂಡು ಹತ್ತಿದೆ. ಗೌಡರ ಮನೆಯ ಹಿಂದಿನ ಜಗಲಿಯಲ್ಲಿ ಎಲ್ಲ ತಯಾರಾಗಿತ್ತು. ಮಣೆಯ ಮೇಲೆ ನನ್ನ ಮುಂಗೈಯಷ್ಟುದ್ದದ ಕಾಟ್ಲಾ, ದೊಡ್ಡ ತಲೆ, ಬಿಟ್ಟ ಕಣ್ಣು. ಪಕ್ಕದಲ್ಲಿ ಗೌಡರ ಹೆಂಡತಿ ಜಯಮ್ಮ. ಕಂಬಕ್ಕೊರಗಿ ಸಣ್ಣಗೆ, ಒಣಗಿದ ಕೊಬ್ಬರಿ ಗಿಟುಕಿನ ಹಾಗೆ ಹೊನ್ನಮ್ಮಜ್ಜಿ.

"ಇವ್ನೇನಾ ಮಿಷಿನ್ನಿನೋನು?" ಎಂದಳು ಅಜ್ಜಿ. "ಲಿಂಗ ಕಟ್ಟಿದೋರು ಮೀನು ಕುಯ್ಯಾಕೆ ಬಂದವ್ರೆ. ಕಾಲ ಕೆಟ್ಟೋಯ್ತು."

"ಕುಯ್ಯಕ್ಕೆ ಅಲ್ಲ ಅಜ್ಜಿ, ನೋಡಕ್ಕೆ," ಎಂದೆ.

ಗೌಡರು ಚಾಕು ಚಾಲೂ ಮಾಡಿ, ಕಾಫಿ ಗಿಡದ ಕೊಂಬೆ ಗರಗಸದಲ್ಲಿ ಕುಯ್ಯುವವರ ಹಾಗೆ ಹೆಗಲಿನ ಬಲವನ್ನೆಲ್ಲ ಹಾಕಿ ಅದುಮಿದರು. ಮೀನು ಮಣೆಯ ಮೇಲೆ ಒಂದು ಸುತ್ತು ತಿರುಗಿ ಜಯಮ್ಮನವರ ಸೆರಗಿಗೆ ಬಡಿಯಿತು. "ಅದುಮಬೇಡಿ ಗೌಡ್ರೇ, ಅದರ ಪಾಡಿಗೆ ಬಿಡಿ," ಎಂದು ಕೂಗಿದೆ. ಆಗಲೇ ನನ್ನ ಕಣ್ಣಿಗೆ ಒಂದು ವಿಷಯ ಬಿತ್ತು. ಅಲಗುಗಳ ತುದಿ ಓಡುವಾಗ ಕೊಕ್ಕರೆಯ ಕೊಕ್ಕಿನ ಹಾಗೆ ಬಾಯಿ ಬಿಡುತ್ತಿತ್ತು. ಒಂದು ಅಲಗಿನ ತುದಿಯಲ್ಲಿ ಅಂಗಿಯ ಗುಂಡಿಯಂಥದೊಂದು ಇರುತ್ತದೆ, ಅದು ಇನ್ನೊಂದರ ಸೀಳಿನೊಳಗೆ ಕೂರಬೇಕು. ಜೋಡಿಸುವಾಗ ನಾನು ಅದನ್ನು ಕೂರಿಸಿರಲೇ ಇಲ್ಲ. ಸೌತೆಕಾಯಿ ಪಾಪ, ಹೇಗೆ ಕುಯ್ದರೂ ಕುಯ್ಯಿಸಿಕೊಳ್ಳುತ್ತದೆ. ಮೀನು ಹಾಗಲ್ಲ, ಆ ಬಾಯಿಗೆ ಸಿಕ್ಕಿ ಹರಿದು ಚಿಂದಿಯಾಗುತ್ತಿತ್ತು. ಐದು ದಿನ ಸುತ್ತಿದ ತಂತಿಯಲ್ಲಿ ತಪ್ಪಿರಲಿಲ್ಲ, ಅರ್ಧ ನಿಮಿಷದ ಗುಂಡಿಯಲ್ಲಿತ್ತು.

ಈ ತಪ್ಪನ್ನು ನಾನು ಇವತ್ತಿನವರೆಗೂ ಗೌಡರಿಗೆ ಹೇಳಿಲ್ಲ. ಓದುವ ನಿಮಗೆ ಹೇಳುತ್ತಿದ್ದೇನೆ, ನಿಮ್ಮಲ್ಲೇ ಇರಲಿ. "ಒಂದು ನಿಮಿಷ ಕೊಡಿ, ಎಣ್ಣೆ ಬಿಡ್ತೀನಿ," ಎಂದು ಆ ಕಡೆ ತಿರುಗಿ ಗುಂಡಿಯನ್ನು ಸೀಳಿಗೆ ಕೂರಿಸಿದೆ. ಗೌಡರು ಮತ್ತೆ ಹಿಡಿದರು, ಮತ್ತೆ ಅದುಮಿದರು. ಈ ಸಲ ಮೀನಿನ ಜೊತೆ ಬೆನ್ನುಮೂಳೆಯೂ ತುಂಡಾಯಿತು. ನನ್ನ ಬೆರಳಿಗೆ ನವೆ ಹತ್ತತೊಡಗಿತು. ಸರಿಯಾದ ಯಂತ್ರವನ್ನು ತಪ್ಪಾಗಿ ಹಿಡಿದವರನ್ನು ನೋಡುತ್ತ ನಿಲ್ಲುವಷ್ಟು ದೊಡ್ಡ ತಪಸ್ಸು ನನ್ನಿಂದಾಗದು. "ಕೊಡಿ ಇಲ್ಲಿ," ಎಂದು ಬಾಯಿಂದ ಬಂದುಬಿಟ್ಟಿತು.

ಕೊರಳಿನ ಲಿಂಗದ ಕರಡಿಗೆಯನ್ನು ಅಂಗಿಯ ಒಳಗೆ ಸರಿಸಿಕೊಂಡೆ. ಜಯಮ್ಮ ಮುಂದಿಟ್ಟ ಇನ್ನೊಂದು ಮೀನನ್ನು ಎಡಗೈಯಲ್ಲಿ ಹಿಡಿದೆ. ತಣ್ಣಗಿತ್ತು, ಜಾರುತ್ತಿತ್ತು, ಮೈಯೆಲ್ಲ ಜುಮ್ಮೆಂದಿತು. ಅಜ್ಜಿ ಕಂಬ ಬಿಟ್ಟು ಹತ್ತಿರ ಸರಿದಳು.

"ಹಂಗಲ್ಲ ಮಗ. ತಲೆಗೆ ಬಟ್ಟೆ ಸುತ್ತಿ ಹಿಡ್ಕೊ. ಕಿವಿರಿನ ಹಿಂದ್ಗಡೆ ಒಂದು ರೆಕ್ಕೆ ಐತಲ್ಲ, ಅದರ ಹಿಂದಕ್ಕೆ ಇಕ್ಕು. ಮೂಳೆ ಸಿಗಾಗಂಟ ಇಳಿ. ಸಿಕ್ತಾ? ಈಗ ಬಾಲದ ಕಡೆಗೆ ತಿರುಗ್ಸು. ಮೂಳೆ ಮೇಲೇ ಸವಾರಿ ಹೋಗ್ಲಿ."

ಅಲಗು ಬೆನ್ನುಮೂಳೆಗೆ ತಾಗಿದೊಡನೆ ಹಿಡಿಯ ನಡುಕ ಬದಲಾಯಿತು. ಮಾಂಸದಲ್ಲಿ ಹೋಗುವಾಗ 'ಮ್ಮ್' ಎನ್ನುತ್ತಿದ್ದದ್ದು ಮೂಳೆ ತಾಗಿದರೆ 'ಟರ್' ಎನ್ನುತ್ತಿತ್ತು. ಇದು ನನಗೆ ಗೊತ್ತಿದ್ದ ಭಾಷೆ! ಬೇರಿಂಗ್ ಸವೆದ ಮೋಟಾರನ್ನು ಕೈಯಿಟ್ಟೇ ಹೇಳಬಲ್ಲವನು ನಾನು. 'ಟರ್' ಎಂದಾಗ ಒಂಚೂರು ಮೇಲೆತ್ತಿ, 'ಮ್ಮ್' ಎಂದಾಗ ಒಂಚೂರು ಇಳಿಸಿ ಹೋದೆ. ಒಂದು ಕಡೆಯ ಮಾಂಸ ಪುಸ್ತಕದ ಹಾಳೆಯ ಹಾಗೆ ಮಗುಚಿಕೊಂಡಿತು. ಆಮೇಲೆ ಚರ್ಮಕ್ಕೂ ಮಾಂಸಕ್ಕೂ ನಡುವೆ ಅಲಗು ಮಲಗಿಸಿ ಎಳೆದೆ, ಪಕ್ಕೆಲುಬಿನ ಭಾಗ ಬಿಡಿಸಿದೆ. ಮಣೆಯ ಮೇಲೆ ಬೆಳ್ಳಗೆ, ಎಲ್ಲೂ ಹರಿಯದ ತುಂಡು.

"ಆಯ್ತು, ಮುಳ್ಳಿಲ್ಲ," ಎಂದೆ ಬೆವರು ಒರೆಸಿಕೊಳ್ಳುತ್ತ.

"ಇಲ್ದೇ ಏನು?" ಅಜ್ಜಿ ಬೆರಳಿಂದ ತುಂಡಿನ ಮೇಲೆ ಸವರಿದಳು. "ಬೆನ್ನಿನ ಕಡೆ ಮುಟ್ಟಿ ನೋಡು. ಕವಲು ಮುಳ್ಳು, ಮಾಂಸದೊಳ್ಗೇ ಅಡಿಕ್ಕಂಡು ಕೂತಿರ್ತವೆ. ನನ್ನ ಕುತ್ಗೆ ಹಿಡಿದಿದ್ದು ಇಂಥದೇ ಒಂದು ಮುಂಡೇದು."

ಮುಟ್ಟಿ ನೋಡಿದೆ. ಸೂಜಿಮೊನೆಯ ಸಾಲೊಂದು ಬೆರಳಿಗೆ ಚುಚ್ಚಿತು. ಕವಣೆಯ ಕವೆಯ ಹಾಗೆ ಎರಡು ಕವಲಿನ, ನೂಲಿನಷ್ಟು ಸಣ್ಣ ಮುಳ್ಳುಗಳು, ಯಾವುದಕ್ಕೂ ಅಂಟಿಕೊಳ್ಳದೆ ಮಾಂಸದ ನಡುವೆ ತೇಲುತ್ತಿದ್ದವು. ಒಂದೊಂದನ್ನೇ ಕೀಳಹೊರಟರೆ ತುಂಡೇ ಪುಡಿಯಾಗುತ್ತದೆ. ಅದಕ್ಕೂ ದಾರಿ ಹೇಳಿದವಳು ಅಜ್ಜಿಯೇ: ಆ ಜಾಗದಲ್ಲಿ ಅಕ್ಕಿ ಕಾಳಿನಷ್ಟು ಅಂತರಕ್ಕೆ ಒಂದೊಂದು ಗೀರು ಹಾಕಬೇಕು, ಆಚೆ ಬದಿ ತೂತಾಗಬಾರದು, ಮುಳ್ಳು ಚೂರುಚೂರಾಗಿ ಎಣ್ಣೆಯಲ್ಲಿ ಕರಗಿದಂತಾಗುತ್ತದೆ. ಈಳಿಗೆಯಲ್ಲಿ ಆಗದ ಕೆಲಸ ಅದು, ಕರೆಂಟು ಚಾಕು ಇದಕ್ಕೇ ಹುಟ್ಟಿದಂತಿತ್ತು. ಝುಂಯ್, ಝುಂಯ್ ಎಂದು ನಲವತ್ತು ಗೀರು ಹಾಕಿದೆ. ತಲೆ, ಬೆನ್ನುಮೂಳೆ ಉಳಿದವರ ಸಾರಿಗೆ ಹೋದವು.

ಜಯಮ್ಮ ಮಸಾಲೆ ಸವರಿ ಕಾವಲಿಯ ಮೇಲೆ ಹುರಿದು ತಂದಿಟ್ಟರು. ಅಜ್ಜಿ ಮುದ್ದೆಯ ಮುಂದೆ ಕೂತಳು. ಗೌಡರು ಬಾಗಿಲಿನಲ್ಲಿ, ಜಯಮ್ಮ ಒಲೆಯ ಹತ್ತಿರ, ನಾನು ಕೈಯನ್ನು ಮೈಗೆ ತಾಗಿಸದೆ ಎತ್ತಿ ಹಿಡಿದು ಜಗಲಿಯಲ್ಲಿ, ಮೂವರೂ ಉಸಿರು ಬಿಗಿಹಿಡಿದು ನಿಂತಿದ್ದೆವು. ಅಜ್ಜಿ ಒಂದು ಚೂರು ಮುರಿದಳು. ಹಿಚುಕಿದಳು. ಕೆಳಗಿಟ್ಟಳು. ಮತ್ತೆ ಎತ್ತಿಕೊಂಡಳು. ಬಾಯಿಗೆ ಹಾಕಿ ಕಣ್ಣು ಮುಚ್ಚಿ ಬಹಳ ಹೊತ್ತು ನಾಲಿಗೆಯಲ್ಲಿ ಹೊರಳಿಸಿದಳು. ಗಂಟಲು ಒಮ್ಮೆ ಏರಿ ಇಳಿಯಿತು. ಗೌಡರು ಹಿಡಿದುಕೊಂಡಿದ್ದ ಬಾಗಿಲ ಚಿಲಕ 'ಕಟ್' ಎಂದಿತು.

"ಇಂಗೇ ನೋಡ್ತಾ ನಿಂತ್ಕಂಡ್ರೆ ತಿನ್ನಾದೆಂಗ್ರೋ?" ಎಂದಳು ಅಜ್ಜಿ, ಎರಡನೆಯ ಚೂರಿಗೆ ಕೈ ಹಾಕುತ್ತ.

ಗೌಡರು ಆ ಕಡೆ ತಿರುಗಿ ಮೂಗು ಒರೆಸಿಕೊಂಡರು. ನಾನು ಮೋಟಾರು ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡುವವನ ಹಾಗೆ ಚಾಕುವಿನ ಮೇಲೆ ಬಗ್ಗಿದೆ.

ಈಗ ಮನೆಗೆ ಹೋಗಬೇಕಲ್ಲ! ಗೌಡರ ಮನೆಯಲ್ಲಿ ಸೋಪು ಹಾಕಿ ತೊಳೆದೆ, ನಿಂಬೆಹಣ್ಣು ಉಜ್ಜಿದೆ, ದಾರಿಯ ಹಳ್ಳದಲ್ಲಿ ಮರಳು ತಿಕ್ಕಿದೆ, ಸಾಲದೆಂದು ಮೊಪೆಡ್ಡಿನ ಪೆಟ್ರೋಲನ್ನು ಚಿಂದಿಗೆ ಹಾಕಿ ಒರೆಸಿದೆ. ಗಿರಿಜೆ ಬಾಗಿಲಲ್ಲೇ, "ಏನ್ರೀ ಇದು, ಪೆಟ್ರೋಲ್ ಬಂಕಲ್ಲಿ ನಿಂಬೆಹಣ್ಣಿನ ಪಾನಕ ಹಂಚ್ತಿದ್ರಾ?" ಎಂದಳು. ಮೋಟಾರು ಸುಟ್ಟ ವಾಸನೆ ಎಂದೆ. ಅವಳು ನಂಬಿದಳೋ ಬಿಟ್ಟಳೋ, ಒಳಗೆ ಹೋದಳು. ಗೆದ್ದೆನೆಂದುಕೊಂಡು ಜಗಲಿಯ ಮೇಲೆ ಕೂತೆ. ಪಕ್ಕದ ಮನೆಯದೊಂದು ಬೂದು ಬೆಕ್ಕಿತ್ತು. ಮಹಾ ಗರ್ವದ್ದು, ನಾನು ಹಾಲಿಟ್ಟು ಕರೆದರೂ ತಿರುಗಿ ನೋಡಿದ್ದಲ್ಲ. ಅದು ಅಂದು ಕಾಂಪೌಂಡಿನಿಂದ ಧುಮುಕಿ ಬಂದು ನನ್ನ ಕಾಲಿಗೆ ಮೈ ಉಜ್ಜಿತು. ಮಡಿಲು ಹತ್ತಿ ಅಂಗಿಯ ತೋಳಿಗೆ ಮುಖ ಹುದುಗಿಸಿ ಗುರುಗುಟ್ಟಿತು. ಕೆಳಗೆ ದಬ್ಬಿದೆ, ಮತ್ತೆ ಹತ್ತಿತು. ಜನ್ಮಾಂತರದ ಬಂಧುವೊಬ್ಬ ಸಿಕ್ಕಿದ ಹಾಗೆ ನನ್ನ ಬೆರಳು ನೆಕ್ಕತೊಡಗಿತು.

ಅವ್ವ ಹೊಸಿಲಲ್ಲಿ ನಿಂತಿದ್ದಳು.

"ಈ ಬೆಕ್ಕಿಗೆ ಇವತ್ತೇನು ಮಗ, ನಿನ್ನ ಮೇಲೆ ಇಷ್ಟೊಂದು ಪ್ರೀತಿ?"

ಸುಳ್ಳು ಹೇಳಲು ಬಾಯಿ ತೆರೆದೆ. ಬೆಕ್ಕು ನನ್ನ ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು. ಎಲ್ಲ ಹೇಳಿಬಿಟ್ಟೆ. ಬ್ರೆಡ್ಡಿನಿಂದ ಹಿಡಿದು ಕವಲು ಮುಳ್ಳಿನ ತನಕ. "ಮೊದ್ಲು ತಲೆಗೆ ನೀರು ಹಾಕ್ಕೊ, ಹೋಗು," ಎಂದಳು ಅವ್ವ. ಸ್ನಾನ ಮಾಡಿ, ಪೂಜೆ ಮುಗಿಸಿ, ಊಟಕ್ಕೆ ಕೂತೆ. ಅವ್ವ ಬಡಿಸಿದಳು. ಸಾರು ಬಡಿಸುವಾಗಲೂ ಮಾತಿಲ್ಲ, ಮಜ್ಜಿಗೆ ಬಡಿಸುವಾಗಲೂ ಇಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ನಾನು ಕೈ ತೊಳೆಯಲು ಎದ್ದಾಗ ಅವಳು ಬೆನ್ನು ತಿರುಗಿಸಿಕೊಂಡೇ ಕೇಳಿದಳು.

"ಆಯಮ್ಮ ಉಂಡ್ಳಾ?"

"ಉಂಡ್ಳವ್ವ. ಒಂದು ಮುದ್ದೆ ಪೂರಾ."

"ಹೂಂ." ಪಾತ್ರೆ ಎತ್ತಿಕೊಂಡು ಎರಡು ಹೆಜ್ಜೆ ಹೋದವಳು ನಿಂತಳು. "ಬರೋ ಭಾನುವಾರ ಹೋಗಾದಾದ್ರೆ ಹಳೇ ಅಂಗಿ ಹಾಕ್ಕೊಂಡು ಹೋಗು. ಇವತ್ತು ಹಾಕ್ಕೊಂಡೋಗಿದ್ದು ಹಬ್ಬಕ್ಕೆ ತಂದಿದ್ದು."

ಮುಂದಿನ ಭಾನುವಾರ ಹೋದೆ, ಅದರಾಚೆಯ ಭಾನುವಾರವೂ ಹೋದೆ. ಗೌಡರಿಗೆ ಕಲಿಸಲು ನೋಡಿದೆ; ಅದುಮುವುದೇ ರೂಢಿಯಾದ ಅವರ ಕೈಗೆ ಪಿಸುಮಾತು ಬರದು. ಜಯಮ್ಮನವರಿಗೆ ಆ ಶಬ್ದವೆಂದರೆ ಆಗದು, ಈಳಿಗೆ ಮಣೆಯೇ ಸಾಕೆಂದರು. ಹಾಗಾಗಿ ಕೆಲಸ ನನ್ನ ಪಾಲಿಗೇ ಬಂತು. ಬಂತು ಎನ್ನುವುದಕ್ಕಿಂತ ನಾನೇ ಯಾರಿಗೂ ಬಿಟ್ಟುಕೊಡಲಿಲ್ಲ ಎನ್ನುವುದು ನಿಜ. ಅಲಗುಗಳನ್ನು ಕಳಚಿ ಜೊತೆಗೇ ತಂದಿಟ್ಟುಕೊಂಡು, ಶನಿವಾರ ಬಂದರೆ ಅಂಗಡಿಯಲ್ಲಿ ಕೂತು ಮಸೆಯುತ್ತಿದ್ದೆ. ಮೀನಿನ ರುಚಿ ಹೇಗಿರುತ್ತದೆಂಬ ಕುತೂಹಲ ಒಮ್ಮೆಯೂ ಹುಟ್ಟಲಿಲ್ಲ; ಆದರೆ ಬೆನ್ನುಮೂಳೆಗೆ ಕೂದಲೆಳೆಯಷ್ಟೂ ಮಾಂಸ ಉಳಿಸದೆ ಬಿಡಿಸುವುದು ಹೇಗೆಂದು ನಿಂತಲ್ಲಿ ಕೂತಲ್ಲಿ ಯೋಚಿಸುತ್ತಿದ್ದೆ. ಅಜ್ಜಿಯ ಕೆನ್ನೆ ಸ್ವಲ್ಪ ತುಂಬಿಕೊಂಡಿತು. ನನ್ನನ್ನು ಬೈಯುವ ದನಿಯೂ ಗಟ್ಟಿಯಾಯಿತು.

ಐದನೆಯ ಭಾನುವಾರ ಒಂದು ತುಂಡಿಗೆ ಗೀರು ಹಾಕುತ್ತ ಅರ್ಧಕ್ಕೆ ಬಂದಿದ್ದೆ, ಕರೆಂಟು ಹೋಯಿತು. ಅಲಗು ಮೀನಿನಲ್ಲೇ ನಿಂತಿತು. ಒಂದು ಗಂಟೆ ಕಾದೆವು. ಗೌಡರು ಮೂರು ಸಲ ಕಂಬದ ತನಕ ಹೋಗಿ ತಂತಿ ನೋಡಿ ಬಂದರು, ನೋಡಿದರೆ ಬರುತ್ತದೆಂಬಂತೆ. ನಾನು ಜಗಲಿಯ ಆ ತುದಿಯಿಂದ ಈ ತುದಿಗೆ ತಿರುಗಿದೆ.

"ಈಳಿಗೆ ಮಣೆಗೆ ಕರೆಂಟು ಹೋಗಾಕಿಲ್ಲ," ಎಂದಳು ಅಜ್ಜಿ, ಯಾರಿಗೂ ಅಲ್ಲದ ಹಾಗೆ. "ಹೊಟ್ಟೆ ಹಸೀತಾ ಐತೆ ನಂಗೆ."

ಉಳಿದರ್ಧಕ್ಕೆ ಅಡುಗೆಮನೆಯ ಚಾಕುವಿನಲ್ಲಿ ಅಂದಾಜಿನ ಮೇಲೆ ಗೀರು ಹಾಕಿಕೊಟ್ಟೆ. ಜಯಮ್ಮ ಹುರಿದರು. ಅಜ್ಜಿ ತಿನ್ನತೊಡಗಿದಳು. ನಾಲ್ಕನೆಯ ತುತ್ತಿಗೆ ದವಡೆ ನಿಂತಿತು. ಕಣ್ಣು ಅಗಲವಾಯಿತು. ಗೌಡರು "ಅವ್ವಾ!" ಎಂದು ಬಾಳೆಗೊನೆಯ ಕಡೆ ಓಡಿದರು. ಜಯಮ್ಮ ಬೆನ್ನ ಮೇಲೆ ಕೈಯಿಟ್ಟರು. ಆ ಗಳಿಗೆಯಲ್ಲಿ ನಾನು ಕುಯ್ದ ಮೀನುಗಳೆಲ್ಲ ಒಟ್ಟಾಗಿ ನನ್ನನ್ನು ನೋಡಿದಂತಾಯಿತು.

ಅಜ್ಜಿ ಕೈಯೆತ್ತಿ ಎಲ್ಲರನ್ನೂ ತಡೆದಳು. ಕೆನ್ನೆ ಈ ಕಡೆ ಉಬ್ಬಿತು, ಆ ಕಡೆ ಉಬ್ಬಿತು. ಆಮೇಲೆ ತುಟಿಯ ಮೂಲೆಯಿಂದ ಬೆಳ್ಳನೆಯ ಎರಡು ಕವಲು ಇಣುಕಿದವು. ಎರಡು ಬೆರಳಲ್ಲಿ ಅದನ್ನು ಎಳೆದು, ಬೆಳಕಿಗೆ ಹಿಡಿದು ನೋಡಿ, ತಟ್ಟೆಯ ಅಂಚಿಗೆ ಇಟ್ಟಳು.

"ಕ್ಷಮ್ಸಿ ಅಜ್ಜಿ, ಕರೆಂಟು..." ಎಂದೆ.

"ಸುಮ್ನಿರ್ಲಾ," ಎಂದಳು. ಮುಖದಲ್ಲಿ ಎಂದೂ ನೋಡದ ನಗೆಯಿತ್ತು. "ನಾಲ್ಗೆ ಮರ್ತಿಲ್ಲ ಕಣ್ರೋ! ಎಪ್ಪತ್ತು ವರ್ಸ ಮುಳ್ಳು ಆರ್ಸಿದ ನಾಲ್ಗೆ. ಅವತ್ತು ಮಾತಾಡ್ತಾ ತಿಂದೆ, ಅದಕ್ಕೆ ಸಿಕ್ಕಂಡಿದ್ದು. ಜಯಾ, ಆ ಸಾರಲ್ಲಿರೋ ಬೆನ್ನುಮೂಳೆ ಒಂಚೂರು ಹಾಕವ್ವ. ಇವ್ನು ಕೊಡೋ ಮೀನು ತಿಂದು ತಿಂದು ಬಾಯೆಲ್ಲ ಸಪ್ಪೆ ಆಗ್ಬುಟ್ಟೈತೆ."

ಬಾಳೆಹಣ್ಣು ಹಿಡಿದು ಓಡಿಬಂದ ಗೌಡರು ನಿಂತಲ್ಲೇ ಕೂತು, ಆ ಹಣ್ಣನ್ನು ತಾವೇ ತಿಂದರು.

ಇಷ್ಟಾದ ಮೇಲೆ ನಾನು ಮತ್ತೆ ಹೋಗುವ ಅಗತ್ಯವಿರಲಿಲ್ಲ. ಯಾರೂ ಬಾ ಎಂದೂ ಹೇಳಿರಲಿಲ್ಲ. ಆದರೆ ಮುಂದಿನ ಭಾನುವಾರ ಒಂಬತ್ತು ಗಂಟೆಗೆ ಹಳೆಯ ಅಂಗಿ ಹಾಕಿಕೊಂಡು ಮೊಪೆಡ್ಡನ್ನು ಅದೇ ಏರಿನಲ್ಲಿ ತಳ್ಳುತ್ತಿದ್ದೆ. ಹೋದ ವಾರದ ಗಾಬರಿಯಲ್ಲಿ ಅಲ್ಲೇ ಬಿಟ್ಟುಬಂದ ಚಾಕುವಿಗೆ ಎಣ್ಣೆ ಬಿಟ್ಟು ಬರುವುದೆಂದು ಮನಸ್ಸಿಗೆ ಹೇಳಿಕೊಂಡಿದ್ದೆ. ಹೋಗಿ ನೋಡಿದರೆ ಜಯಮ್ಮ ಈಳಿಗೆ ಮಣೆಯ ಮೇಲೆ ಕೂತು ಮೀನನ್ನು ಮುಳ್ಳುಸಮೇತ ಚಕಚಕನೆ ತುಂಡು ಮಾಡುತ್ತಿದ್ದರು. ಅಜ್ಜಿ ಮಸಾಲೆಗೆ ಹುಣಿಸೆಹಣ್ಣು ಕಿವುಚುತ್ತಿದ್ದಳು. ರಟ್ಟಿನ ಡಬ್ಬಿ ಅಟ್ಟ ಸೇರಿತ್ತು. ನಾನು ಕಂಬ ಹಿಡಿದು ನಿಂತೆ. ಒಂದು ಕಾಲಿನ ಮೇಲೆ ನಿಂತೆ, ಇನ್ನೊಂದರ ಮೇಲೆ ನಿಂತೆ.

ಅಜ್ಜಿ ನನ್ನ ಮುಖ ನೋಡಿದಳು, ಕೈ ನೋಡಿದಳು.

"ಜಯಾ, ಆ ಸಣ್ಣ ಮೀನೊಂದು ಇವ್ನಿಗೆ ಕೊಟ್ಬುಡು. ಪಾಪ, ಕೈ ಕಡೀತಾ ಐತೆ ಇವ್ನಿಗೆ."

ನಾಚಿಕೆಯಿಲ್ಲದೆ ಅಟ್ಟದಿಂದ ಡಬ್ಬಿ ಇಳಿಸಿದೆ. ಅವತ್ತು ಕುಯ್ದ ಹಾಗೆ ನಾನು ಎಂದೂ ಕುಯ್ದಿರಲಿಲ್ಲ. ಎರಡು ಬದಿಯೂ ಅಖಂಡವಾಗಿ ಬಂದವು. ಗೀರುಗಳು ಹಾರ್ಮೋನಿಯಂ ಮನೆಗಳ ಹಾಗೆ ಒಂದೇ ಸಮ. ಬೆಳಕಿಗೆ ಹಿಡಿದರೆ ಇಡಿಯಾದ ಮುಳ್ಳು ಒಂದೂ ಇಲ್ಲ. ತಟ್ಟೆಯಲ್ಲಿಟ್ಟು ಎಲ್ಲರ ಮುಂದೆ ಹಿಡಿದೆ. ಚಂದಾಗೈತೆ ಎಂದರು ಎಲ್ಲರೂ. ತಿನ್ನುವವರು ಯಾರೆಂದು ಕೇಳಿದಾಗ ಗೌಡರು ಸಾರಿನ ಮೀನು ಸಾಕೆಂದರು, ಜಯಮ್ಮ ಹೊಟ್ಟೆ ತುಂಬಿದೆಯೆಂದರು, ನೋಡಿದರೆ ಅಡುಗೆಯೇ ಇನ್ನೂ ಆಗಿರಲಿಲ್ಲ. ಕೊನೆಗೆ ಅದನ್ನು ಗೌಡರ ನಾಯಿಗೆ ಹಾಕಿದರು. ಅದು ಎರಡೇ ಬಾಯಿಗೆ ನುಂಗಿ, ಮುಳ್ಳೆಲ್ಲಿ ಎಂಬಂತೆ ನನ್ನ ಮುಖ ನೋಡಿತು.

ಕೈ ತೊಳೆದುಕೊಂಡು, ಮನೆಯ ಮಿಕ್ಸಿ ಏನಾದರೂ ಶಬ್ದ ಮಾಡುತ್ತಿದೆಯೇ ಎಂದು ಜಯಮ್ಮನವರನ್ನು ಕೇಳಿದೆ. ಇಲ್ಲವೆಂದರು. ಫ್ಯಾನು? ಅದೂ ಚೆನ್ನಾಗಿಯೇ ಇತ್ತು. ನೀರಿನ ಮೋಟಾರು?

"ಎಲ್ಲಾ ನೆಟ್ಗೈತೆ ಕಣಪ್ಪ," ಎಂದಳು ಅಜ್ಜಿ. "ನೀನು ಕಾಫಿ ಕುಡ್ದು ಮನೆಗೆ ಹೋಗು."

ಕುಡಿದು ಬಂದೆ.